ಹುಸಿಗಂಟೆಯ ಚರಿತ್ರೆ

ಕೋಟೆಯಿದ್ದ ಊರುಗಳಲ್ಲಿ ಹಿಂದೆ ಬುರುಜಿನ ಮೇಲೆ ಕಾವಲುಗಾರನೊಬ್ಬನಿರುತ್ತಿದ್ದನು. ಹಗೆಯ ದಂಡಿನ ಸುಳಿವು ಕಂಡರೆ ನಗಾರಿ ಬಾರಿಸುವುದು, ಕೊಂಬು ಊದುವುದು ಅವನ ಕೆಲಸ. ಅವನು ನಿದ್ದೆಹೋದರೆ ಊರಿಗೆ ಕೇಡೆಂಬುದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಸಂಜೆ ಹಿಂದಿರುಗುವ ದನದ ಮಂದೆಯ ಧೂಳನ್ನು ದಂಡಿನ ಧೂಳೆಂದು ಬಗೆದು ಅವನು ದಿನಕ್ಕೊಮ್ಮೆ ನಗಾರಿ ಬಾರಿಸಿದರೂ ಊರಿಗೆ ಅಷ್ಟೇ ಕೇಡು. ಮೊದಲ ದಿನ ಊರೆಲ್ಲ ಎದ್ದು ಬರುತ್ತದೆ. ಹತ್ತನೆಯ ದಿನ ಯಾರೂ ಜಗುಲಿ ಬಿಟ್ಟು ಏಳುವುದಿಲ್ಲ. ಈ ಎರಡನೆಯ ಕೇಡೇ ಇಲ್ಲಿಯ ವಿಷಯ. ನಮ್ಮ ಕಾಲದಲ್ಲಿ ಅದು ಕೋಟೆಗಳನ್ನು ಬಿಟ್ಟು ಡೇಟಾಬೇಸ್ ಸರ್ವರುಗಳಿರುವ ತಣ್ಣನೆಯ ಕೋಣೆಗಳನ್ನು ಸೇರಿಕೊಂಡಿದೆ.

ಡೇಟಾಬೇಸ್ ಎಂದೊಡನೆ ಓದುಗರು ಗಾಬರಿಪಡಬೇಕಾಗಿಲ್ಲ. ನಿಮ್ಮ ಹೊಲದ ಪಹಣಿ ಒಂದು ಕಾಲಕ್ಕೆ ಗ್ರಾಮಲೆಕ್ಕಿಗರ ದಫ್ತರದಲ್ಲಿ ಕೈಬರಹದಲ್ಲಿತ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ‘ಭೂಮಿ’ ಯೋಜನೆ ಬಂದು ಅದು ಕಂಪ್ಯೂಟರಿಗೆ ಏರಿತು. ಹೀಗೆ ಕೋಷ್ಟಕಗಳಲ್ಲಿ ಹೊಂದಿಸಿಟ್ಟ, ಕೇಳಿದೊಡನೆ ಹುಡುಕಿಕೊಡಬಲ್ಲ ಕಡತರಾಶಿಯೇ ಡೇಟಾಬೇಸ್. ಅದನ್ನು ಹೊತ್ತುಕೊಂಡು ಹಗಲಿರುಳೂ ಕೇಳಿದವರಿಗೆ ಉತ್ತರ ಕೊಡುವ ಯಂತ್ರವೇ ಸರ್ವರ್. ರೈಲಿನ ಟಿಕೆಟು, ಬ್ಯಾಂಕಿನ ಖಾತೆ, ಅಡಿಗೆ ಅನಿಲದ ಬುಕಿಂಗು, ಎಲ್ಲವೂ ಅದರ ಹೊಟ್ಟೆಯಲ್ಲಿವೆ. ಅದು ಮುಗ್ಗರಿಸಿದರೆ ಕೌಂಟರಿನ ಮುಂದಿನ ಸಾಲು ಬೆಳೆಯುತ್ತದೆ. ಅದು ಮರೆತರೆ ನಿಮ್ಮ ಹಣಕ್ಕೆ ಸಾಕ್ಷಿಯೇ ಇಲ್ಲ. ಇಂಥ ಯಂತ್ರವನ್ನು ಮನುಷ್ಯನೇ ಕಣ್ಣಲ್ಲಿ ಕಣ್ಣಿಟ್ಟು ಕಾಯಲಾರ. ಆದುದರಿಂದ ಕಾವಲಿಗೆ ಇನ್ನೊಂದು ತಂತ್ರಾಂಶವನ್ನು ಇಟ್ಟಿದ್ದಾರೆ. ಅದು ನಿಮಿಷಕ್ಕೊಮ್ಮೆ ಸರ್ವರಿನ ನಾಡಿ ಹಿಡಿದು ನೋಡುತ್ತದೆ. ಏನಾದರೂ ಮಿತಿಮೀರಿದರೆ ಹೊಣೆಹೊತ್ತ ನೌಕರನ ಫೋನಿನಲ್ಲಿ, ರಾತ್ರಿ ಎರಡು ಗಂಟೆಯಾದರೂ ಸರಿಯೆ, ಗಂಟೆ ಬಾರಿಸುತ್ತದೆ. ಆತನು ಎದ್ದು ನೋಡಿದರೆ ಬಹಳ ಸಲ ಅಲ್ಲಿ ಏನೂ ಆಗಿರುವುದಿಲ್ಲ.

ಇದನ್ನು ನಾನು ಹುಸಿ ಎಂದು ಕರೆದುದು ಬೇಕೆಂದೇ. ಸುಳ್ಳಿಗೆ ಹೇಳುವವನ ಉದ್ದೇಶ ಬೇಕು. ಹುಸಿಗೆ ಅದು ಬೇಕಿಲ್ಲ. ಮಳೆಯ ನಿರೀಕ್ಷೆ ಹುಸಿಯಾಯಿತೆಂದರೆ ಮೋಡ ಮೋಸ ಮಾಡಿತೆಂದು ಯಾರೂ ಹೇಳುವುದಿಲ್ಲ. ‘ತೋಳ ಬಂತು ತೋಳ’ ಎಂದು ಕೂಗಿದ ಹುಡುಗನ ಕಥೆಯನ್ನು ಈ ಸಂದರ್ಭದಲ್ಲಿ ಎಲ್ಲರೂ ಎತ್ತುತ್ತಾರೆ. ಅದು ಇಲ್ಲಿಗೆ ಪೂರ್ತಿ ಹೊಂದುವುದಿಲ್ಲ. ಆ ಹುಡುಗ ತುಂಟ; ನಮ್ಮ ಯಂತ್ರ ಪ್ರಾಮಾಣಿಕ. ಕಂಡುದನ್ನು ಕಂಡಂತೆ ಹೇಳುತ್ತದೆ. ಕಂಡುದರ ಅರ್ಥ ಮಾತ್ರ ಅದಕ್ಕೆ ತಿಳಿಯದು. ಹುಡುಗನನ್ನು ಗದರಿಸಬಹುದಿತ್ತು, ಯಂತ್ರವನ್ನು ಗದರಿಸಿ ಫಲವೇನು?

ಹಾಗಾದರೆ ಮಿತಿಯನ್ನು ಮೇಲಕ್ಕೆ ಏರಿಸಿದರಾಯಿತಲ್ಲ ಎಂದು ನೀವು ಕೇಳಬಹುದು. ಗುಡುಗಿನ ಸಂಜೆ ರೇಡಿಯೋದಲ್ಲಿ ಮಧ್ಯಮ ತರಂಗದ ದೂರದ ಕೇಂದ್ರವೊಂದನ್ನು ಹಿಡಿದು ಕೇಳಿದವರಿಗೆ ಇದರ ಕಷ್ಟ ಗೊತ್ತು. ಧ್ವನಿಯನ್ನು ಏರಿಸಿದರೆ ಹಾಡಿನ ಜೊತೆಗೆ ಗೊರಗೊರವೂ ಏರುತ್ತದೆ. ತಗ್ಗಿಸಿದರೆ ಗೊರಗೊರದ ಜೊತೆಗೆ ಹಾಡೂ ಅಡಗುತ್ತದೆ. ಒಂದೇ ತಿರುಪಿನಿಂದ ಎರಡನ್ನೂ ಬೇರ್ಪಡಿಸಲು ಬರುವುದಿಲ್ಲ.

ಈ ಸಂಗತಿಯನ್ನು ಮೊದಲು ಶಾಸ್ತ್ರೀಯವಾಗಿ ಹಿಡಿದವರಲ್ಲಿ ಅಮೆರಿಕದ ವಾಲ್ಟರ್ ಶೂಹಾರ್ಟ್ ಒಬ್ಬರು. ಟೆಲಿಫೋನು ಸಲಕರಣೆಗಳನ್ನು ತಯಾರಿಸುತ್ತಿದ್ದ ವೆಸ್ಟರ್ನ್ ಎಲೆಕ್ಟ್ರಿಕ್ ಸಂಸ್ಥೆಯಲ್ಲಿದ್ದ ಅವರು 1924ರ ಮೇ 16ರಂದು ತಮ್ಮ ಮೇಲಧಿಕಾರಿಗೆ ಒಂದು ಪುಟ್ಟ ಟಿಪ್ಪಣಿಯನ್ನೂ ಅದರ ಜೊತೆಗೆ ಒಂದು ನಕ್ಷೆಯನ್ನೂ ಕಳುಹಿಸಿದರು. ಯಾವ ಕೆಲಸದಲ್ಲಿಯೂ ಅಳತೆ ದಿನದಿನಕ್ಕೆ ಅಷ್ಟಿಷ್ಟು ಏರಿಳಿಯುವುದು ಸಹಜ. ಆ ಸಹಜವಾದ ಏರಿಳಿತದ ಗಡಿಯನ್ನು ಹಳೆಯ ಅಳತೆಗಳಿಂದಲೇ ಲೆಕ್ಕಹಾಕಿ, ಅದನ್ನು ದಾಟಿದಾಗ ಮಾತ್ರ ಕಾರಣ ಹುಡುಕಲು ಹೊರಡಬೇಕು ಎಂಬುದು ಅದರ ತಾತ್ಪರ್ಯ. ಸಹಜವಾದುದನ್ನು ಕೇಡೆಂದು ತಿಳಿಯುವುದು ಒಂದು ತಪ್ಪು, ಕೇಡನ್ನು ಸಹಜವೆಂದು ಬಿಡುವುದು ಇನ್ನೊಂದು ತಪ್ಪು. ಒಂದನ್ನು ಕುಗ್ಗಿಸಿದರೆ ಇನ್ನೊಂದು ಹಿಗ್ಗುತ್ತದೆ. ಇಂದು ಸರ್ವರನ್ನು ಕಾಯುವವರು, ಸೋಮವಾರ ಬೆಳಗಿನ ನೂಕುನುಗ್ಗಲನ್ನು ಹಿಂದಿನ ಸೋಮವಾರಗಳ ಜೊತೆಗೆ ಹೋಲಿಸಿ ನೋಡುವಾಗ ಶೂಹಾರ್ಟರ ದಾರಿಯನ್ನೇ ಹಿಡಿದಿರುತ್ತಾರೆ.

ಮುಂದಿನ ಪಾಠಗಳನ್ನು ಜಗತ್ತು ಬಲು ದುಬಾರಿಯ ಶಾಲೆಯಲ್ಲಿ ಕಲಿಯಿತು. ಅಮೆರಿಕ ಮತ್ತು ಸೋವಿಯೆತ್ ಒಕ್ಕೂಟಗಳು ಒಂದರ ಮೇಲೊಂದು ಕ್ಷಿಪಣಿ ಹೂಡಿ ಕುಳಿತಿದ್ದ ಕಾಲ. ಗ್ರೀನ್‌ಲ್ಯಾಂಡಿನ ತೂಲೆ ಎಂಬಲ್ಲಿ (2023ರಿಂದ ಆ ನೆಲೆಗೆ ಪಿಟುಫಿಕ್ ಎಂದು ಹೆಸರು) ಅಮೆರಿಕನರು ದೊಡ್ಡ ರೇಡಾರುಗಳನ್ನು ಕಟ್ಟಿದರು. 1960ರ ಅಕ್ಟೋಬರ್ 5ರಂದು, ಅವು ಕಾವಲಿಗೆ ನಿಂತು ಇನ್ನೂ ಒಂದು ವಾರವೂ ಆಗಿರಲಿಲ್ಲ, ಕೊಲರಾಡೊದ ರಕ್ಷಣಾ ಕೇಂದ್ರದಲ್ಲಿ ಎಚ್ಚರಿಕೆ ಮೊಳಗಿತು. ಸೋವಿಯೆತ್ ದಿಕ್ಕಿನಿಂದ ಕ್ಷಿಪಣಿಗಳ ಹಿಂಡೇ ಬರುತ್ತಿರುವಂತೆ ಯಂತ್ರ ಹೇಳಿತು. ಕೇಂದ್ರದಲ್ಲಿ ಆಗ ಅಧಿಕಾರದಲ್ಲಿದ್ದವರು ಕೆನಡಾದ ಏರ್ ಮಾರ್ಷಲ್ ರಾಯ್ ಸ್ಲೆಮನ್. ಅವರು ಗುಂಡಿಯ ಕಡೆಗೆ ಕೈಚಾಚುವ ಬದಲು ಒಂದು ಪ್ರಶ್ನೆ ಕೇಳಿದರು: ಕ್ರುಶ್ಚೇವ್ ಈಗ ಎಲ್ಲಿದ್ದಾರೆ? ಸೋವಿಯೆತ್ ನಾಯಕರು ಅಂದು ವಿಶ್ವಸಂಸ್ಥೆಯ ಸಭೆಗೆಂದು ನ್ಯೂಯಾರ್ಕಿನಲ್ಲಿಯೇ ಇದ್ದರು. ತಮ್ಮ ನಾಯಕನಿರುವ ನಾಡಿನ ಮೇಲೆ ಯಾರು ತಾನೆ ಅಸ್ತ್ರ ಪ್ರಯೋಗಿಸುತ್ತಾರೆ?

ರೇಡಾರು ಕಂಡುದು ನಾರ್ವೆಯ ದಿಗಂತದಲ್ಲಿ ಮೂಡುತ್ತಿದ್ದ ಚಂದ್ರನನ್ನು. ಚಂದ್ರನಿರುವುದು ಸುಮಾರು 3,84,000 ಕಿಲೋಮೀಟರ್ ದೂರದಲ್ಲಿ. ರೇಡಾರಿನ ಅಲೆ ಅಲ್ಲಿಗೆ ಹೋಗಿ ಹಿಂದಿರುಗಲು ಎರಡೂವರೆ ಸೆಕೆಂಡು ಬೇಕು. ಅಷ್ಟು ದೂರದಿಂದಲೂ ಪ್ರತಿಧ್ವನಿ ಬರಬಹುದೆಂಬ ಕಲ್ಪನೆ ಯಂತ್ರಕ್ಕೆ ಇರಲಿಲ್ಲ. ತಡವಾಗಿ ಬಂದ ಪ್ರತಿಧ್ವನಿಯನ್ನು ಅದು ಆಮೇಲೆ ಬಿಟ್ಟ ಅಲೆಗೆ ಜೋಡಿಸಿ, ವಸ್ತು ಹತ್ತಿರದಲ್ಲಿಯೇ ಇದೆಯೆಂದು ಲೆಕ್ಕ ಕಟ್ಟಿತು. ಕವಿಗಳು ಚಂದ್ರನನ್ನು ಏನೇನಕ್ಕೋ ಹೋಲಿಸಿದ್ದಾರೆ. ಕ್ಷಿಪಣಿಗೆ ಹೋಲಿಸಿದ ಕೀರ್ತಿ ಈ ಯಂತ್ರಕ್ಕೇ ಸಲ್ಲಬೇಕು. ತರುವಾಯ ಎಂಜಿನಿಯರುಗಳು ರೇಡಾರಿನ ಕಣ್ಣನ್ನು ಮಂಕು ಮಾಡಲಿಲ್ಲ. ಚಂದ್ರನ ಪ್ರತಿಧ್ವನಿಯನ್ನು ಗುರುತಿಸಿ ತಳ್ಳಿಹಾಕುವುದನ್ನು ಅದಕ್ಕೆ ಕಲಿಸಿದರು.

ಡೇಟಾಬೇಸಿಗೂ ಇಂಥ ಚಂದ್ರೋದಯಗಳುಂಟು. ರಾತ್ರಿ ಗೊತ್ತಾದ ಹೊತ್ತಿಗೆ ಕಡತಗಳೆಲ್ಲದರ ಮೀಸಲು ಪ್ರತಿ, ಅಂದರೆ ಬ್ಯಾಕಪ್, ತೆಗೆಯುವಾಗ ಯಂತ್ರ ಏದುಸಿರು ಬಿಡುತ್ತದೆ. ಕಾವಲು ತಂತ್ರಾಂಶ ಗಂಟೆ ಬಾರಿಸುತ್ತದೆ. ಇನ್ನೂ ಸೊಗಸಾದುದು ಸ್ಮೃತಿಯ ವಿಷಯ. ದೊಡ್ಡ ಡೇಟಾಬೇಸುಗಳು ಪದೇಪದೇ ಬೇಕಾಗುವ ಕಡತಗಳನ್ನು ಕೈಗೆಟಕುವಂತೆ ಇಟ್ಟುಕೊಳ್ಳಲು, ತಮಗೆ ಕೊಟ್ಟ ಸ್ಮೃತಿಯನ್ನೆಲ್ಲ ಬೇಕೆಂದೇ ತುಂಬಿಕೊಳ್ಳುತ್ತವೆ. ಅದು ಅವುಗಳ ಆರೋಗ್ಯದ ಲಕ್ಷಣ. ಆದರೆ ಸಾಮಾನ್ಯ ಯಂತ್ರಗಳಿಗೆ ಮಾಡಿದ ನಿಯಮವನ್ನು ಇವಕ್ಕೂ ಅಂಟಿಸಿದವರಿಗೆ ‘ಸ್ಮೃತಿ ಶೇಕಡ 95 ತುಂಬಿದೆ’ ಎಂಬ ಗಂಟೆ ದಿನವೂ ತಪ್ಪುವುದಿಲ್ಲ. ಡಿಸ್ಕಿನದೂ ಅದೇ ಕಥೆ. ಶೇಕಡ 90 ತುಂಬಿತೆಂದರೆ 100 ಗಿಗಾಬೈಟಿನ ಡಿಸ್ಕಿನಲ್ಲಿ ಉಳಿದುದು ಬರಿಯ 10 ಗಿಗಾಬೈಟು. 10 ಟೆರಾಬೈಟಿನದರಲ್ಲಿ ಒಂದು ಟೆರಾಬೈಟು, ಇನ್ನೂ ಹಲವು ತಿಂಗಳಿಗೆ ಸಾಕಾಗಬಹುದು. ಎಷ್ಟು ತುಂಬಿದೆ ಎಂದು ಕೇಳುವ ಬದಲು, ಈ ವೇಗದಲ್ಲಿ ತುಂಬಿದರೆ ಎಷ್ಟು ದಿನ ಬಂದೀತು ಎಂದು ಕೇಳಿದರೆ ಹುಸಿಗಂಟೆಗಳಲ್ಲಿ ಒಂದು ಪಾಲು ತಾನಾಗಿ ನಿಲ್ಲುತ್ತದೆ.

ಅಮೆರಿಕದ ರಕ್ಷಣಾ ಕೇಂದ್ರಕ್ಕೆ ಇನ್ನೂ ಎರಡು ಪಾಠಗಳು ಕಾದಿದ್ದವು. 1979ರ ನವೆಂಬರ್ 9ರಂದು ಯುದ್ಧದ ಪರೀಕ್ಷೆಗೆಂದು ತಯಾರಿಸಿದ ಕಲ್ಪಿತ ದಾಳಿಯ ಮಾಹಿತಿ ನಿಜವಾದ ಕಾವಲು ಯಂತ್ರದೊಳಗೆ ಸೇರಿ, ವಿಮಾನಗಳು ಆಕಾಶಕ್ಕೆ ಏರಿದವು. ನಾಟಕದ ರಾವಣನನ್ನು ಕಂಡು ಊರಿನ ಪೋಲೀಸರು ಓಡಿಬಂದ ಹಾಗಾಯಿತು. ಆಮೇಲೆ ಪರೀಕ್ಷೆಗಳಿಗೆ ಪ್ರತ್ಯೇಕ ಸ್ಥಳವನ್ನೇ ಕಟ್ಟಿದರು.

1980ರ ಜೂನ್ 3ರ ಘಟನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ರಕ್ಷಣಾ ಕೇಂದ್ರದಿಂದ ಬೇರೆ ಬೇರೆ ಸೇನಾನೆಲೆಗಳಿಗೆ ಹೋಗುವ ತಂತಿಮಾರ್ಗಗಳು ಕೆಲಸ ಮಾಡುತ್ತಿವೆಯೇ ಎಂದು ತಿಳಿಯಲು ಸದಾಕಾಲವೂ ಒಂದು ಪರೀಕ್ಷಾ ಸಂದೇಶ ಹೋಗುತ್ತಿತ್ತು. ಅದರ ರೂಪ ನಿಜವಾದ ದಾಳಿಯ ಸಂದೇಶದ್ದೇ. ಕ್ಷಿಪಣಿಗಳ ಸಂಖ್ಯೆಯಿರುವ ಜಾಗದಲ್ಲಿ ಮಾತ್ರ ಸೊನ್ನೆ. ಆ ರಾತ್ರಿ 46 ಸೆಂಟು ಬೆಲೆಯ ಒಂದು ಚಿಪ್ ಕೆಟ್ಟು, ಸೊನ್ನೆಯಿದ್ದಲ್ಲಿ ಎರಡು ಎಂಬ ಅಂಕೆ ಬೀಳತೊಡಗಿತು. ಮೊದಲು 2 ಕ್ಷಿಪಣಿ. ಕೆಲವು ಸೆಕೆಂಡುಗಳಲ್ಲಿ ನೂರಾರು. ಬಾಂಬರ್ ವಿಮಾನಗಳ ಎಂಜಿನುಗಳನ್ನು ಚಾಲೂ ಮಾಡಿಸಿದರು. ಆದರೆ ಉಪಗ್ರಹಗಳನ್ನೂ ರೇಡಾರುಗಳನ್ನೂ ನೇರವಾಗಿ ಕೇಳಿದಾಗ ಅವು ಏನನ್ನೂ ಕಂಡಿರಲಿಲ್ಲ. ಮೂರು ದಿನಗಳ ಮೇಲೆ ಅದೇ ಚಿಪ್ಪು ಮತ್ತೊಮ್ಮೆ ಅದೇ ಆಟ ಆಡಿತು. ಆಗ ಪರೀಕ್ಷಾ ಸಂದೇಶದ ರೂಪವನ್ನೇ ಬದಲಾಯಿಸಿದರು. ದಾರಿಯಲ್ಲಿ ಅಕ್ಷರ ಕೆಟ್ಟರೆ ತಾನೇ ತಿಳಿಸುವ ಪರೀಕ್ಷಾಂಕಗಳನ್ನು ಸೇರಿಸಿದರು. ‘ತಂತಿ ಕೆಟ್ಟಿದೆ’ ಎಂಬುದೂ ‘ಶತ್ರು ಬಂದ’ ಎಂಬುದೂ ಒಂದೇ ಬಾಯಿಂದ, ಒಂದೇ ಮಾತಿನಲ್ಲಿ ಬರುತ್ತಿದ್ದುದು ಮೂಲದೋಷ. 1983ರ ಸೆಪ್ಟೆಂಬರ್ 26ರಂದು ಸೋವಿಯೆತ್ ಅಧಿಕಾರಿ ಸ್ತಾನಿಸ್ಲಾವ್ ಪೆಟ್ರೋವ್ ಐದು ಕ್ಷಿಪಣಿಗಳ ಎಚ್ಚರಿಕೆಯನ್ನು ಹುಸಿಯೆಂದು ತೀರ್ಮಾನಿಸಿದ ಸಂಗತಿ ಅನೇಕರಿಗೆ ಗೊತ್ತು. ನೆಲದ ರೇಡಾರು ಆ ಮಾತಿಗೆ ಸಾಕ್ಷಿ ನುಡಿಯಲಿಲ್ಲವೆಂಬುದು ಅವರ ಆಧಾರಗಳಲ್ಲಿ ಒಂದು.

ಸರ್ವರುಗಳ ಲೋಕಕ್ಕೆ ಈ ವಿವೇಕ ಬಂದುದು ತಡವಾಗಿ. 1999ರಲ್ಲಿ ಅಮೆರಿಕದ ಈಥನ್ ಗಾಲ್ಸ್ಟಡ್ ಎಂಬವರು ನೆಟ್‌ಸೇಂಟ್ ಎಂಬ ಕಾವಲು ತಂತ್ರಾಂಶವನ್ನು ಎಲ್ಲರಿಗೂ ಮುಕ್ತವಾಗಿ ಕೊಟ್ಟರು. 2002ರಲ್ಲಿ ಅದಕ್ಕೆ ನಾಗಿಯೋಸ್ ಎಂದು ಹೆಸರಾಯಿತು. ಅದರ ಒಂದು ಗುಣ ಈ ಚರಿತ್ರೆಗೆ ಮುಖ್ಯ. ಸರ್ವರು ಒಮ್ಮೆ ಓಗೊಡದಿದ್ದರೆ ಅದು ಗಂಟೆ ಬಾರಿಸುವುದಿಲ್ಲ. ಆ ಸ್ಥಿತಿಯನ್ನು ‘ಮೃದು’ ಎಂದು ಬರೆದಿಟ್ಟುಕೊಂಡು ಮತ್ತೆ ಕೂಗುತ್ತದೆ. ಗೊತ್ತುಮಾಡಿದಷ್ಟು ಸಲ, ಸಾಮಾನ್ಯವಾಗಿ ಮೂರೋ ನಾಲ್ಕೋ ಸಲ, ಕೂಗಿದರೂ ಉತ್ತರವಿಲ್ಲದಿದ್ದರೆ ಆಗ ‘ಕಠಿಣ’ ಸ್ಥಿತಿ, ಆಗ ಗಂಟೆ. ಮಧ್ಯದ ದಾರಿಯೇ ಕಡಿದುಹೋಗಿದ್ದರೆ ಅದರಾಚೆಯ ನೂರು ಸರ್ವರುಗಳೂ ಸತ್ತವೆಂದು ನೂರು ಗಂಟೆ ಬಾರಿಸದೆ, ದಾರಿ ಕಡಿದಿದೆಯೆಂದು ಒಂದೇ ಗಂಟೆ ಬಾರಿಸುವ ಉಪಾಯವೂ ಅದರಲ್ಲಿತ್ತು. 2016ರಲ್ಲಿ ಗೂಗಲ್ ಸಂಸ್ಥೆಯ ಎಂಜಿನಿಯರುಗಳು ಪ್ರಕಟಿಸಿದ ಪುಸ್ತಕವೊಂದು ಇನ್ನೂ ಮುಂದೆ ಹೋಗಿ, ಎದ್ದವನು ತಕ್ಷಣ ಮಾಡಬೇಕಾದ ಕೆಲಸವೇನೂ ಇಲ್ಲದಿದ್ದರೆ ಅವನನ್ನು ಎಬ್ಬಿಸಲೇಬಾರದೆಂದು ವಾದಿಸಿತು. ನನಗೆ ಇದು ಈ ವಿಷಯದಲ್ಲಿ ಬಂದ ಅತ್ಯಂತ ಮಾನವೀಯವಾದ ಮಾತೆಂದು ತೋರುತ್ತದೆ.

ಇಷ್ಟಾದ ಮೇಲೂ ಒಂದು ಅಪಾಯ ಉಳಿಯುತ್ತದೆ. ಹುಸಿಯನ್ನು ತಡೆಯಲು ಇಟ್ಟ ಜರಡಿ ನಿಜವನ್ನೂ ತಡೆದರೆ? 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಸಂಸ್ಥೆಯಲ್ಲಿ ಇದು ನಡೆದುಹೋಯಿತು. ತಂತ್ರಾಂಶ ಬರೆಯುವವರು ತಮ್ಮ ಬರವಣಿಗೆಯನ್ನು ಅಲ್ಲಿ ಇಡುತ್ತಾರೆ. ಅಂದು ಒತ್ತಡ ಹೆಚ್ಚಿ, ಮುಖ್ಯ ಡೇಟಾಬೇಸಿನ ಪ್ರತಿರೂಪವಾಗಿದ್ದ ಎರಡನೆಯ ಸರ್ವರು ಹಿಂದೆ ಬಿದ್ದಿತು. ಅದನ್ನು ಸರಿಪಡಿಸಲು ರಾತ್ರಿ ಬಹಳ ಹೊತ್ತು ಹೆಣಗಿದ ಎಂಜಿನಿಯರೊಬ್ಬರು, ಎರಡನೆಯ ಸರ್ವರಿನಲ್ಲಿ ಇದ್ದೇನೆಂದು ಭಾವಿಸಿ ಮುಖ್ಯ ಸರ್ವರಿನ ಕಡತಗಳನ್ನೇ ಅಳಿಸತೊಡಗಿದರು. ಒಂದೆರಡು ಸೆಕೆಂಡಿನಲ್ಲಿ ತಿಳಿದು ನಿಲ್ಲಿಸಿದರು. ಅಷ್ಟರಲ್ಲಿ ಸುಮಾರು 300 ಗಿಗಾಬೈಟಿನಲ್ಲಿ ಉಳಿದುದು ನಾಲ್ಕೂವರೆ.

ಮೀಸಲು ಪ್ರತಿಯನ್ನು ಹುಡುಕಿದರೆ ಅದೂ ಇಲ್ಲ. ಪ್ರತಿದಿನ ಪ್ರತಿ ತೆಗೆಯಬೇಕಾಗಿದ್ದ ಸಲಕರಣೆ ಡೇಟಾಬೇಸಿಗಿಂತ ಹಳೆಯ ಆವೃತ್ತಿಯದಾಗಿದ್ದು, ಪ್ರತಿ ಸಲವೂ ಸೋತು ನಿಲ್ಲುತ್ತಿತ್ತು. ಸೋತೆನೆಂದು ಅದು ಇ-ಮೇಲ್ ಪತ್ರಗಳನ್ನು ಬರೆಯುತ್ತಲೂ ಇತ್ತು. ಆದರೆ ಅಂಚೆಯ ಬಾಗಿಲಲ್ಲಿ, ನಕಲಿ ಹೆಸರಿನ ಪತ್ರಗಳನ್ನು ತಡೆಯಲೆಂದೇ ಮಾಡಿದ ನಿಯಮವೊಂದು, ಇವಕ್ಕೆ ಸರಿಯಾದ ಮುದ್ರೆಯಿಲ್ಲವೆಂದು ಒಂದೊಂದನ್ನೂ ಹಿಂದಕ್ಕೆ ತಳ್ಳುತ್ತಿತ್ತು. ಗಂಟೆ ಬಾರಿಸಿತು, ಯಾರ ಕಿವಿಗೂ ಬೀಳಲಿಲ್ಲ. ಕಿವಿಗೆ ಬೀಳದ ಗಂಟೆಯನ್ನು ಎಲ್ಲರೂ ಕ್ಷೇಮಸಮಾಚಾರವೆಂದು ತಿಳಿದಿದ್ದರು. ಬೇರೊಂದು ಕೆಲಸಕ್ಕಾಗಿ ಆರು ಗಂಟೆಗಳ ಹಿಂದೆ ಒಬ್ಬರು ಕೈಯಾರೆ ತೆಗೆದಿಟ್ಟಿದ್ದ ಪ್ರತಿಯೊಂದು ಅದೃಷ್ಟವಶಾತ್ ಸಿಕ್ಕಿತು. ಆ ಆರು ಗಂಟೆಗಳಲ್ಲಿ ಜನ ಸೇರಿಸಿದ್ದು ಮಾತ್ರ ಮರಳಿ ಬರಲಿಲ್ಲ: ಸುಮಾರು 5,000 ಯೋಜನೆಗಳು, 5,000 ಟಿಪ್ಪಣಿಗಳು, 700 ಹೊಸ ಖಾತೆಗಳು.

ಆ ಸಂಸ್ಥೆ ಈ ವೃತ್ತಾಂತವನ್ನೆಲ್ಲ ಮುಚ್ಚಿಡದೆ ಪ್ರಕಟಿಸಿತು. ಆಮೇಲೆ ಕೈಗೊಂಡ ಕ್ರಮಗಳಲ್ಲಿ, ಸೋಲಿನ ಪತ್ರಕ್ಕೆ ಕಾಯದೆ ಮೀಸಲು ಪ್ರತಿ ನಿಜವಾಗಿ ಇದೆಯೇ ಎಂದು ತಾನೇ ಹೋಗಿ ನೋಡುವ ಕಾವಲು ಒಂದು; ಆ ಪ್ರತಿಯಿಂದ ಡೇಟಾಬೇಸನ್ನು ಮತ್ತೆ ಎಬ್ಬಿಸಿ ನಿಲ್ಲಿಸಿ ಪರೀಕ್ಷಿಸುವ ಏರ್ಪಾಡು ಇನ್ನೊಂದು.