ಮೇಲೂ ಕೆಂಡ, ಕೆಳಗೂ ಕೆಂಡ



ಬೇಸಿಗೆ ಬಂದಿತೆಂದರೆ ಸಾಲಗುಂದ, ಸಿಂಧನೂರು, ಮಸ್ಕಿ ಸೀಮೆಯ ಮನೆಗಳಲ್ಲಿ ಮಾವಿನಹಣ್ಣಿನ ಸೀಕರಣೆ, ಅದರ ಜೊತೆಗೆ ಹೋಳಿಗೆ. ಪರದೇಶದಲ್ಲಿ ನೆಲೆಸಿರುವ ನಿಮ್ಮಲ್ಲಿ ಕೆಲವರು ಅದೇ ಹಣ್ಣಿನ ಹೋಳುಗಳಿಗೆ ಹಿಟ್ಟಿನ ಹೊದಿಕೆ ಹಾಕಿ, ಓವನ್ನಿನಲ್ಲಿ ಬೇಯಿಸಿ ‘ಕಾಬ್ಲರ್’ ಎನ್ನುತ್ತೀರಿ. ‘ಇದು ನಮ್ಮ ತಿನಿಸಲ್ಲ’ ಎಂದು ಮನೆಯ ಹಿರಿಯರು ಮೂಗು ಮುರಿಯುವುದೂ ಉಂಟು. ಆದರೆ ಆ ತಿನಿಸಿನ ಚರಿತ್ರೆಯನ್ನು ಅರಿತರೆ, ಅದು ನಮ್ಮ ಅಡುಗೆಮನೆಗೆ ಅಷ್ಟೇನೂ ದೂರದ್ದಲ್ಲವೆಂದು ತಿಳಿಯುತ್ತದೆ.

ಕಾಬ್ಲರ್ ಹುಟ್ಟಿದ್ದು ಸಿರಿವಂತಿಕೆಯಿಂದಲ್ಲ, ಕೊರತೆಯಿಂದ. ಆಂಗ್ಲರ ಹಣ್ಣಿನ ‘ಪೈ’ಗೆ ತೆಳುವಾಗಿ ಲಟ್ಟಿಸಿದ ಹಿಟ್ಟೂ ಸರಿಯಾದ ಓವನ್ನೂ ಬೇಕು. 19ನೆಯ ಶತಮಾನದಲ್ಲಿ ಅಮೆರಿಕದ ಪಶ್ಚಿಮಕ್ಕೆ ಬಂಡಿ ಕಟ್ಟಿಕೊಂಡು ಹೊರಟ ವಲಸೆಗಾರರಿಗೆ ಅವೆರಡೂ ಇರಲಿಲ್ಲ. ದಪ್ಪ ಬೀಡುಕಬ್ಬಿಣದ ಪಾತ್ರೆಯಲ್ಲಿ ಹಣ್ಣನ್ನಿಟ್ಟು, ಮೇಲೆ ಹಿಟ್ಟಿನ ಮುದ್ದೆಗಳನ್ನು ಹರವಿ, ಮುಚ್ಚಳದ ಮೇಲೂ ಪಾತ್ರೆಯ ಅಡಿಯಲ್ಲೂ ಕೆಂಡವಿರಿಸಿ ಬೇಯಿಸಿದರು. ಅದರ ಬಂಧುವಾದ ‘ಕ್ರಂಬಲ್’ ಕೂಡ ಹೀಗೆಯೇ. ಬ್ರಿಟನ್ನಿನಲ್ಲಿ 1940ರ ಜನವರಿಯಲ್ಲಿ ಬೆಣ್ಣೆ, ಸಕ್ಕರೆಗಳಿಗೆ ರೇಷನ್ ಬಂದಾಗ, ಪೈ ಮಾಡುವಷ್ಟು ಸಾಮಗ್ರಿಯಿಲ್ಲದ ಗೃಹಿಣಿಯರು ಹಿಟ್ಟನ್ನು ತುಸುವೇ ಕೊಬ್ಬಿನೊಡನೆ ಉದುರುದುರಾಗಿ ತಿಕ್ಕಿ ಹಣ್ಣಿನ ಮೇಲೆ ಉದುರಿಸಿದರು.

ಮೇಲೂ ಕೆಳಗೂ ಕೆಂಡವಿರಿಸುವ ಈ ಉಪಾಯ ಕನ್ನಡಿಗರಿಗೆ ಹೊಸತಲ್ಲ. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವೆಂಬ ಪಾಕಗ್ರಂಥವನ್ನು ಷಟ್ಪದಿಯಲ್ಲಿ ರಚಿಸಿದನು. ಅವನು ಹೇಳುವ ಮುಚ್ಚಳ ರೊಟ್ಟಿಯನ್ನು ಬೇಯಿಸುವ ಕ್ರಮವೂ ಇದೇ: ಹೆಂಚಿನ ಮೇಲೆ ಹಿಟ್ಟು, ಅದರ ಮೇಲೊಂದು ಮುಚ್ಚಳ, ಮುಚ್ಚಳದ ಮೇಲೆ ಕೆಂಡ. ಹೈದರಾಬಾದಿನ ಅಡುಗೆಮನೆಗಳ ‘ದಮ್’ ಕ್ರಮವೂ ಇದರ ಸೋದರನೇ. 1948ರ ಸೆಪ್ಟೆಂಬರಿನವರೆಗೆ ನಮ್ಮ ಸಿಂಧನೂರು ಸೀಮೆ ನಿಜಾಮರ ಆಳ್ವಿಕೆಯಲ್ಲೇ ಇದ್ದುದನ್ನು ಇಲ್ಲಿ ನೆನೆಯಬೇಕು.

ಹಾಗಾದರೆ ಹಣ್ಣನ್ನು ಹಿಟ್ಟಿನಡಿ ಬೇಯಿಸುವ ರೂಢಿ ನಮ್ಮಲ್ಲಿ ಏಕೆ ಬೆಳೆಯಲಿಲ್ಲ? ನನಗೆ ಎರಡು ಕಾರಣಗಳು ತೋರುತ್ತವೆ. ಒಂದು, ಮಾವು ಹಸಿಯಾಗಿಯೇ ಪರಿಪೂರ್ಣವಾದ ಹಣ್ಣು. ಅದನ್ನು ಬೆಂಕಿಗೆ ಒಡ್ಡುವ ಅಗತ್ಯವೇ ಬೀಳಲಿಲ್ಲ. ಇನ್ನೊಂದು, ಉರುವಲಿನ ಅಭಾವ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ಗದ್ದೆಗಳಾಗುವ ಮುನ್ನ ಇದು ಜೋಳ, ಹತ್ತಿ ಬೆಳೆಯುವ ಎರೆಯ ಬಯಲು. ಕಾಡಿಲ್ಲದ ನಾಡಿನಲ್ಲಿ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳುಗಳೇ ಆಧಾರ. ಅಂಥ ಒಲೆಗೆ ಹೊತ್ತುಹೊತ್ತಿನ ರೊಟ್ಟಿ ಬೇಯಿಸುವುದೇ ಮುಖ್ಯ ಕೆಲಸವಾಗಿತ್ತು.

ಈಗ ಆ ಕೊರತೆಯಿಲ್ಲ. ಆದ್ದರಿಂದ ನೀವು ಹೊಸದನ್ನು ಮಾಡುವಾಗ ನಮ್ಮ ಜೋಳವನ್ನು ಮರೆಯಬೇಡಿರಿ. ಗೋದಿಯ ಹಿಟ್ಟಿನಲ್ಲಿರುವ ಜಿಗುಟು ಜೋಳದ ಹಿಟ್ಟಿಗಿಲ್ಲ. ಹೋಳಿಗೆಯ ಕಣಕಕ್ಕೆ ಒದಗದಿರುವ ಅದೇ ಗುಣ ಕ್ರಂಬಲ್ಲಿಗೆ ವರವಾಗುತ್ತದೆ. ಜೋಳದ ಹಿಟ್ಟಿಗೆ ತುಪ್ಪ, ಪುಡಿ ಬೆಲ್ಲ, ಹುರಿದು ಕುಟ್ಟಿದ ಶೇಂಗಾ, ಏಲಕ್ಕಿ ಬೆರೆಸಿ, ಬೆರಳ ತುದಿಯಲ್ಲಿ ತಿಕ್ಕಿ, ಗಟ್ಟಿಯಾದ ಬೇನಿಶಾ ಮಾವಿನ ಹೋಳುಗಳ ಮೇಲೆ ಹರವಿ ಹೊಂಬಣ್ಣ ಬರುವವರೆಗೆ ಬೇಯಿಸಿರಿ. ತೀರ ಕಳಿತ ರಸದ ಹಣ್ಣು ಬೇಡ, ಹಿಟ್ಟು ಹಸಿಯಾಗಿ ಉಳಿಯುತ್ತದೆ. ಅದನ್ನು ಸೀಕರಣೆಗೇ ಬಿಡಿರಿ.

ಇನ್ನೊಂದು ಮಾತು. ಮಂಗರಸನು ಬರೆದಿಟ್ಟದ್ದರಿಂದ 500 ವರ್ಷಗಳ ಹಿಂದಿನ ರೊಟ್ಟಿಯ ವಿಷಯ ನಮಗೆ ತಿಳಿಯಿತು. ಕುಳ್ಳಿನ ಕೆಂಡದ ಹದವನ್ನು ಕೈಯಿಂದಲೇ ಅರಿಯುತ್ತಿದ್ದ ನಮ್ಮ ತಾಯಂದಿರು, ಅಜ್ಜಿಯರು ಏನನ್ನೂ ಬರೆದಿಡಲಿಲ್ಲ. ಗ್ಯಾಸಿನ ಒಲೆಯಲ್ಲಿ ಕೆಂಡವೇ ಇಲ್ಲವಾದ್ದರಿಂದ ಆ ವಿದ್ಯೆ ಅವರೊಡನೆಯೇ ಮರೆಯಾಗುತ್ತಿದೆ. ನಿಮ್ಮ ಮನೆಯಲ್ಲಿ ಬಲ್ಲ ಹಿರಿಯರಿದ್ದರೆ, ಈ ರಜೆಯಲ್ಲಿ ಅವರ ಬಳಿ ಕುಳಿತು ಕೇಳಿ, ಅಳತೆಸಹಿತ ಬರೆದುಕೊಳ್ಳಿರಿ. ಇದು ನಿಮ್ಮ ಹಳೆಯ ಮೇಷ್ಟ್ರು ಕೊಡುವ ಮನೆಗೆಲಸವೆಂದು ತಿಳಿಯಿರಿ.