ಒಂದು ಪದದ ಸೇರ್ಪಡೆ: ಲ್ಯಾಟಿನ್ ಮತ್ತು ಗ್ರೀಕ್ ಧರ್ಮಸಭೆಗಳ ವಿವಾದ

ಕ್ರಿ. ಶ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯ ಹೆಸರಿನಲ್ಲಿ ನಡೆದುಬಂದ ವಿಶ್ವಾಸಪ್ರಮಾಣವು ಪವಿತ್ರಾತ್ಮನು ಪಿತನಿಂದ ಹೊರಡುವನೆಂದಷ್ಟೇ ಹೇಳುತ್ತದೆ. 'ಪುತ್ರನಿಂದಲೂ' ಎಂಬರ್ಥದ 'ಫಿಲಿಯೊಕ್ವೆ' ಎಂಬ ಲ್ಯಾಟಿನ್ ಪದವು ಅದರೊಳಗೆ ಸೇರಿದುದು ತರುವಾಯ, ಪಶ್ಚಿಮದಲ್ಲಿ. 589ರ ಟೊಲೆಡೊ ಸಭೆಯೇ ಅದನ್ನು ಸೇರಿಸಿತೆಂದು ಪಠ್ಯಪುಸ್ತಕಗಳು ಹೇಳುವುದುಂಟು. ಏರಿಯನ್ ಮತವನ್ನು ತೊರೆದ ವಿಸಿಗೋಥರ ಮುಂದೆ ಪುತ್ರನ ಸಮಾನತೆಯನ್ನು ಸಾರಲು ಆ ಸಭೆಯು ಈ ತತ್ತ್ವವನ್ನು ಬೋಧಿಸಿದುದು ನಿಜ. ಆದರೆ ಪ್ರಮಾಣದ ಪಾಠದಲ್ಲಿ ಆ ಪದವು ಕೆಲವು ಹಳೆಯ ಹಸ್ತಪ್ರತಿಗಳಲ್ಲಿ ಕಾಣದಿರುವುದರಿಂದ, ಅದು ಲಿಪಿಕಾರರ ಕೈವಾಡವಾಗಿರಬೇಕೆಂದು ನಾವು ಭಾವಿಸುತ್ತೇವೆ.

ಪೋಪ್ ಮೂರನೆಯ ಲಿಯೋವಿನ ನಿಲುವು ಇಲ್ಲಿ ವಿಶೇಷವಾಗಿ ಗಮನಾರ್ಹವಾದುದು. 810ರಲ್ಲಿ ಷಾರ್ಲಮೇನನ ದೂತರು ಈ ಪದಕ್ಕೆ ಸಮ್ಮತಿ ಬೇಡಿದಾಗ ಅವನು ತತ್ತ್ವವನ್ನು ಅಲ್ಲಗಳೆಯಲಿಲ್ಲ. ಪಾಠವನ್ನು ತಿದ್ದಲು ಮಾತ್ರ ಒಪ್ಪಲಿಲ್ಲ. ಅಷ್ಟೇ ಅಲ್ಲ, ಆ ಪದವಿಲ್ಲದ ಪ್ರಮಾಣವನ್ನೇ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳಲ್ಲಿ ಬೆಳ್ಳಿಯ ಫಲಕಗಳ ಮೇಲೆ ಕೆತ್ತಿಸಿ ರೋಮಿನಲ್ಲಿ ನಿಲ್ಲಿಸಿದನು. ಮಹಾಸಭೆಯ ಮಾತನ್ನು ಒಂದು ಪಕ್ಷವೇ ಬದಲಿಸಬಹುದೇ? ಗ್ರೀಕರು ಮುಂದೆ ಎತ್ತಿದ ಆಕ್ಷೇಪಣೆಯಲ್ಲಿಯೂ ಈ ಪ್ರಶ್ನೆಯೇ ಪ್ರಧಾನವಾಗಿತ್ತು.

ಕ್ರಮೇಣ ರೋಮ್ ಮಣಿಯಿತು. 1014ರಲ್ಲಿ, ಎರಡನೆಯ ಹೆನ್ರಿಯ ಕಿರೀಟಧಾರಣೆಯ ಸಂದರ್ಭದಲ್ಲಿ, ಪ್ರಮಾಣವು ಪದಸಹಿತವಾಗಿ ರೋಮಿನ ಪೂಜಾವಿಧಿಯನ್ನು ಪ್ರವೇಶಿಸಿತೆಂಬುದು ಸಾಮಾನ್ಯವಾದ ಅಭಿಪ್ರಾಯ. 1054ರಲ್ಲಿ ಕಾರ್ಡಿನಲ್ ಹಂಬರ್ಟನು ಹೇಗಿಯಾ ಸೋಫಿಯಾದ ಬಲಿಪೀಠದ ಮೇಲಿರಿಸಿದ ಬಹಿಷ್ಕಾರಪತ್ರದಲ್ಲಿಯಾದರೋ, ಗ್ರೀಕರೇ ಆ ಪದವನ್ನು ಕಿತ್ತುಹಾಕಿದರೆಂಬ ಆಪಾದನೆಯಿದೆ! ಲಿಯೋ ಕೆತ್ತಿಸಿದ ಫಲಕಗಳೇ ಅದಕ್ಕೆ ವಿರುದ್ಧವಾದ ಸಾಕ್ಷ್ಯ. 1965ರಲ್ಲಿ ಪೋಪ್ ಆರನೆಯ ಪೌಲರೂ ಪೇಟ್ರಿಯಾರ್ಕ್ ಅಥೆನಾಗೊರಸರೂ 1054ರ ಬಹಿಷ್ಕಾರಗಳನ್ನು ಹಿಂತೆಗೆದುಕೊಂಡರು. ಲ್ಯಾಟಿನ್ ಪಾಠದಲ್ಲಿ ಆ ಪದವು ಇಂದಿಗೂ ಇದೆ.