ಯುದ್ಧಪದಕ: ಅಸಲಿಯೋ, ನಕಲಿಯೋ?

ಯುದ್ಧಕಾಲದ ಪದಕ, ಬಿಲ್ಲೆಗಳನ್ನು ಸಂಗ್ರಹಿಸುವುದು ಅನೇಕ ದೇಶಗಳಲ್ಲಿರುವ ಹವ್ಯಾಸ. ಬೇಡಿಕೆ ಇದ್ದಲ್ಲಿ ನಕಲಿಯೂ ಇರುತ್ತದೆ. ಜರ್ಮನಿಯ ‘ಐರನ್ ಕ್ರಾಸ್’ ಇದಕ್ಕೆ ಪ್ರಸಿದ್ಧ ನಿದರ್ಶನ. 1939ರ ಮಾದರಿಯಲ್ಲಿ ಸಾಮಾನ್ಯವಾಗಿ ಕಪ್ಪು ಬಳಿದ ಕಬ್ಬಿಣದ ತಿರುಳು, ಸುತ್ತಲೂ ಲೋಹದ ಚೌಕಟ್ಟು ಇರುತ್ತವೆ. ಆದ್ದರಿಂದ ಅದು ಆಯಸ್ಕಾಂತಕ್ಕೆ ಅಂಟುತ್ತದೆ. ಆದರೆ ಅಂಟಿದ್ದೆಲ್ಲ ಅಸಲಿಯೇ? ನಕಲು ಮಾಡುವವನಿಗೂ ಕಬ್ಬಿಣ ಸಿಗುತ್ತದಲ್ಲವೇ! ಅಪರೂಪಕ್ಕೆ ಹಿತ್ತಾಳೆ ತಿರುಳಿನ ಅಸಲಿ ಪದಕಗಳೂ ಉಂಟು. ಹೀಗಾಗಿ ಒಂದೇ ಪರೀಕ್ಷೆಯಿಂದ ತೀರ್ಪು ನೀಡಲಾಗದು.

ಈ ಪ್ರಶ್ನೆ ನಮ್ಮ ನಾಡಿಗೂ ಸಂಬಂಧಿಸಿದ್ದು. 1918ರ ಸೆಪ್ಟೆಂಬರ್ 23ರಂದು ಮೈಸೂರು ಲ್ಯಾನ್ಸರ್ಸ್ ಅಶ್ವದಳವು ಜೋಧಪುರದ ದಳದೊಂದಿಗೆ ಹೈಫಾ ನಗರವನ್ನು ಜರ್ಮನಿಯ ಮಿತ್ರನಾಗಿದ್ದ ಟರ್ಕಿಯಿಂದ ವಶಪಡಿಸಿಕೊಂಡಿತು. ಅದೇ ಯುದ್ಧದಲ್ಲಿ ಸೆರೆಸಿಕ್ಕ ಟರ್ಕಿಯ ಸೈನಿಕರನ್ನು ನಮ್ಮ ಬಳ್ಳಾರಿಯ ಶಿಬಿರದಲ್ಲಿ ಇರಿಸಲಾಗಿತ್ತು. ಆ ಯುದ್ಧದಲ್ಲಿ ಸಾಗರದಾಚೆ ಸೇವೆ ಸಲ್ಲಿಸಿದ ಭಾರತೀಯ ಸೈನಿಕರಿಗೂ ‘ಬ್ರಿಟಿಷ್ ವಾರ್ ಮೆಡಲ್’ ದೊರೆಯಿತು. ಅದು 36 ಮಿಲಿಮೀಟರ್ ವ್ಯಾಸದ ಬೆಳ್ಳಿಯ ಪದಕ. ಕಾರ್ಮಿಕ ದಳದವರಿಗೆ ಕಂಚಿನದು. ಇಂಥ ಪದಕವೊಂದು ನಿಮ್ಮ ಕೈಗೆ ಬಂದರೆ ಹೇಗೆ ಪರೀಕ್ಷಿಸುವಿರಿ? ಶಾಲಾ ಪ್ರಯೋಗಾಲಯದ ಉಪಕರಣಗಳೇ ಸಾಕು.

ಮೊದಲು ವರ್ನಿಯರ್ ಕ್ಯಾಲಿಪರ್ಸ್. ಅಸಲಿ ಪದಕವನ್ನು ಅಚ್ಚಿನಿಂದ ಒತ್ತಿ ತಯಾರಿಸಲಾಗುತ್ತದೆ. ನಕಲಿಯನ್ನು ಹೆಚ್ಚಾಗಿ ಅಸಲಿಯಿಂದಲೇ ತೆಗೆದ ಮೂಸೆಯಲ್ಲಿ ಎರಕ ಹೊಯ್ಯುತ್ತಾರೆ. ಎರಕ ತಣಿಯುವಾಗ ಕುಗ್ಗುತ್ತದೆ. ಬೆಳ್ಳಿಯ ರೇಖೀಯ ವ್ಯಾಕೋಚನ ಗುಣಾಂಕ ಒಂದು ಡಿಗ್ರಿ ಸೆಲ್ಸಿಯಸ್‌ಗೆ ಸುಮಾರು 0.00002. ಘನೀಭವಿಸಿದ ಮೇಲೆ 900 ಡಿಗ್ರಿ ತಣಿದರೆ 36 ಮಿ.ಮೀ. ವ್ಯಾಸದಲ್ಲಿ ಸುಮಾರು 0.6 ಮಿ.ಮೀ. ಕಡಿಮೆಯಾಗುತ್ತದೆ. 0.1 ಮಿ.ಮೀ. ಅಳೆಯುವ ವರ್ನಿಯರ್‌ಗೆ ಇದು ಸುಲಭವಾಗಿ ಸಿಗುವ ಅಂತರ.

ಎರಡನೆಯದು ಆರ್ಕಿಮಿಡೀಸನ ವಿಧಾನ. ರಿಬ್ಬನ್ ತೆಗೆದ ಪದಕ ಗಾಳಿಯಲ್ಲಿ 31.0 ಗ್ರಾಂ, ನೀರಿನಲ್ಲಿ 28.0 ಗ್ರಾಂ ತೂಗಿತೆನ್ನಿ. 31.0 ಅನ್ನು 3.0ರಿಂದ ಭಾಗಿಸಿದರೆ ಸಾಪೇಕ್ಷ ಸಾಂದ್ರತೆ 10.3. ಶುದ್ಧ ಬೆಳ್ಳಿಯದು 10.5, ತಾಮ್ರ ಬೆರೆತಾಗ ಸ್ವಲ್ಪ ಕಡಿಮೆ. ಉತ್ತರ 8.9ರ ಸಮೀಪ ಬಂದರೆ ಅದು ತಾಮ್ರ-ನಿಕ್ಕಲ್ ಮಿಶ್ರಲೋಹವಿರಬಹುದು, ಬೆಳ್ಳಿಯಂತೂ ಅಲ್ಲ.

ಮೂರನೆಯದು ಅತಿನೇರಳೆ ದೀಪ. ಯುದ್ಧಾನಂತರದ ಬಟ್ಟೆ, ದಾರಗಳಲ್ಲಿ ಬೆಳ್ಪುಕಾರಕ ರಾಸಾಯನಿಕಗಳ ಬಳಕೆ ವ್ಯಾಪಕವಾಯಿತು. ಅವು ಈ ಬೆಳಕಿನಲ್ಲಿ ನೀಲಿಯಾಗಿ ಹೊಳೆಯುತ್ತವೆ. ಆದರೆ ಎಚ್ಚರ! ರಿಬ್ಬನ್ ಹೊಳೆದರೆ ರಿಬ್ಬನ್ ಹೊಸದು ಎಂದಷ್ಟೇ ಅರ್ಥ. ಹಳೆಯ ಪದಕಕ್ಕೆ ಹೊಸ ರಿಬ್ಬನ್ ಕಟ್ಟಿರಬಹುದು.

ಈ ಎಲ್ಲ ಪರೀಕ್ಷೆಗಳಿಗೂ ಒಂದು ಮಿತಿಯಿದೆ. ಅವು ನಕಲಿಯನ್ನು ಹಿಡಿದುಕೊಡಬಲ್ಲವು. ಪದಕ ಯಾರದೆಂದು ಹೇಳಲಾರವು. ಅದನ್ನು ಹೇಳುವುದು ಅಂಚಿನಲ್ಲಿ ಒತ್ತಿರುವ ಸೈನಿಕನ ಸಂಖ್ಯೆ, ದರ್ಜೆ, ಹೆಸರು, ದಳ. ಬೆಲೆ ಹೆಚ್ಚಿಸಲು ಸಾಮಾನ್ಯ ಸೈನಿಕನ ಹೆಸರು ಉಜ್ಜಿ, ಖ್ಯಾತ ದಳದವನ ಹೆಸರು ಕೆತ್ತುವವರೂ ಇದ್ದಾರೆ. ಉಜ್ಜಿದಲ್ಲಿ ಲೋಹ ಸವೆಯುತ್ತದೆ. ಆದ್ದರಿಂದ ಬೇರೆ ಬೇರೆ ದಿಕ್ಕಿನಲ್ಲಿ ವ್ಯಾಸ ಅಳೆಯಿರಿ. ಎಲ್ಲೆಡೆ ಒಂದೇ ಇಲ್ಲದಿದ್ದರೆ ಅನುಮಾನಿಸಿ. ಇಲ್ಲಿ ಲೋಹ ಅಸಲಿ, ಇತಿಹಾಸ ನಕಲಿ.

1980ರ ಆಸುಪಾಸಿನಲ್ಲಿ ಬೆಳ್ಳಿಯ ಬೆಲೆ ಏರಿದಾಗ ಇಂಥ ಅನೇಕ ಪದಕಗಳು ಕುಲುಮೆ ಸೇರಿದವು. ಅವುಗಳೊಂದಿಗೆ ಹೆಸರುಗಳೂ ಕರಗಿದವು. ಶಿಕ್ಷಕರೇ, ವಿದ್ಯಾರ್ಥಿಗಳ ಮನೆಯಲ್ಲಿ ಹಳೆಯ ಪದಕವಿದ್ದರೆ ಹುಣಸೆಹಣ್ಣು ಹಾಕಿ ತಿಕ್ಕದಂತೆ ತಿಳಿಸಿ. ಮಸೂರ ಹಿಡಿದು ಅಂಚಿನ ಅಕ್ಷರಗಳನ್ನು ಅವರಿಂದಲೇ ಓದಿಸಿ, ಬರೆಸಿಡಿ. ತೂಕ, ವ್ಯಾಸಗಳನ್ನು ಆಮೇಲೆ ಅಳೆಯಬಹುದು.